ಮಾವನ ಬೆಂಕಿಪೊಟ್ಟಣದ ಮೂರು ಝೆನರ್‌ಗಳು

ಸಕ್ಕರೆ ಕಾರ್ಖಾನೆಯಲ್ಲಿ ನೂರು ಕುದುರೆ ಬಲದ ಮೋಟಾರುಗಳನ್ನು ಪಳಗಿಸಿದ ಕೈ ಇದು! ಜೋಳದ ಕಾಳಿನಷ್ಟು ಸಣ್ಣ ಝೆನರ್ ಡಯೋಡ್ ಯಾವ ಲೆಕ್ಕ? ಮಾವ ಎವೆಲಿಯೊ ಅವರನ್ನು ಒಂದು ಮಾತೂ ಕೇಳದೆ ಅವರ ರೇಡಿಯೋಗೆ ಜೀವ ಕೊಡುತ್ತೇನೆಂದು ಭಾನುವಾರ ಬೆಳಿಗ್ಗೆ ಘೋಷಿಸಿದೆ.

ನಮ್ಮ ಕಾಮಾಗ್ವೆ ಊರಿನಲ್ಲಿ ಕರೆಂಟು ಹೋಗುವುದಕ್ಕೆ ಯಾರೂ ಹೆದರುವುದಿಲ್ಲ, ಬರುವುದಕ್ಕೆ ಹೆದರುತ್ತಾರೆ. ಶನಿವಾರ ಅದು ಬಂದ ರಭಸಕ್ಕೆ ರೇಡಿಯೋದ ಅಡಾಪ್ಟರ್ ಸುಟ್ಟುಹೋಗಿತ್ತು. ಭಾನುವಾರ ಎರಡು ಗಂಟೆಗೆ ಬೇಸ್‌ಬಾಲ್ ಫೈನಲ್. ಇನ್ನೊಂದು ಫೈನಲ್ ಮಾವನ ಪಾಲಿಗಿಲ್ಲವೆಂದು ಡಾಕ್ಟರು ಅಂಗಳದಲ್ಲಿ ನಿಂತು ಮೆಲ್ಲಗೆ ಹೇಳಿಹೋಗಿದ್ದರು.

"ಅಪ್ಪನ್ನ ಕೇಳು, ಓಸ್ಮಾನಿ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದೋರು," ಎಂದಳು ಹೆಂಡತಿ ನಿಯುರ್ಕಾ.

"ಉಸಿರಾಡೋಕೇ ಕಷ್ಟಪಡ್ತಿದಾರೆ. ಪಾಠ ಬೇರೆ ಮಾಡಿಸ್ಲಾ?"

"ಅವರ ಉಸಿರಿನ ಚಿಂತೆ ಅಲ್ಲ ನಿಂಗೆ, ನಿನ್ನ ಮೀಸೆ ಚಿಂತೆ!"

ಹಳೆಯ ಟಿವಿಯಿಂದ ಕಿತ್ತ ಸಾಮಾನಿನಿಂದ ಹನ್ನೆರಡು ವೋಲ್ಟು ಬರುತ್ತಿತ್ತು. ರೇಡಿಯೋ ತಡೆದುಕೊಳ್ಳುವುದು ಆರು. ಹೆಚ್ಚಾದದ್ದನ್ನು ಹಿತ್ತಿಲ ಬಾಗಿಲಿಂದ ಸಾಗಹಾಕಿ ಆರನ್ನಷ್ಟೇ ಒಳಗೆ ಬಿಡುವ ದ್ವಾರಪಾಲಕನೇ ಝೆನರ್. ಮಾವನ ಬೆಂಕಿಪೊಟ್ಟಣದಲ್ಲಿ ಅಂಥವು ಮೂರಿದ್ದವು. ಮೈಮೇಲಿನ ಅಂಕಿಗಳು ಮಾಸಿಹೋಗಿದ್ದವು. ಯಾವುದು ಆರರದು? ಒಂದೊಂದನ್ನೇ ಜೋಡಿಸಿ ಮೀಟರು ಹಿಡಿದು ಅಳೆದೆ. ಮೊದಲನೆಯದು ಮುಕ್ಕಾಲು ವೋಲ್ಟು. ಎರಡನೆಯದೂ ಮುಕ್ಕಾಲು. ಮೂರನೆಯದೂ!

"ಮೂರೂ ಸತ್ತಿವೆ!" ಎಂದು ತೀರ್ಪು ಕೊಟ್ಟೆ.

"ಮೆಲ್ಲಗೆ ಮಾತಾಡು," ಎಂದು ನಿಯುರ್ಕಾ ಮಾವನ ಕೋಣೆಯತ್ತ ನೋಡಿದಳು.

ಎರಡಕ್ಕೆ ಐದೇ ನಿಮಿಷ. ದ್ವಾರಪಾಲಕನಿಲ್ಲದಿದ್ದರೆ ಅರಮನೆ ಬಿದ್ದುಹೋಗುತ್ತದೆಯೆ? ತಂತಿಯನ್ನು ನೇರವಾಗಿ ರೇಡಿಯೋಗೇ ಸೇರಿಸಿದೆ. ಅದು ತುಂಬಿದ ಕ್ರೀಡಾಂಗಣದಂತೆ ಒಮ್ಮೆ ಮೊರೆಯಿತು. ಹೊಗೆ ಬಿಟ್ಟಿತು. ಸುಮ್ಮನಾಯಿತು.

ಕೊನೆಗೆ ಪಕ್ಕದ ಮನೆಯ ಸೊರೈಡಾ ತನ್ನ ಟಿವಿ ನೋಡಿಕೊಂಡು ಕಿಟಕಿಯಿಂದ ಮಾವನಿಗೆ ಆಟ ಕೂಗಿ ಹೇಳತೊಡಗಿದಳು. ಬೇಸ್‌ಬಾಲಿನ ಗಂಧ ಆಕೆಗಿಲ್ಲ. "ದಪ್ಪನೋನು ಓಡಿದ! ಅಯ್ಯೋ, ಬಿದ್ದ! ಟೋಪಿಯೋರು ಬೈತಿದಾರೆ!"

"ಎರಡು ತಂಡದೋರಿಗೂ ಟೋಪಿ ಇದೆ ಕಣಮ್ಮ," ಎಂದು ಮಾವ ಹಾಸಿಗೆಯಲ್ಲೇ ನರಳಿದರು. ಆಮೇಲೆ ನನ್ನನ್ನು ಕರೆದರು.

"ಅಳಿಯಪ್ಪ, ಝೆನರಿನ ಕಪ್ಪು ಪಟ್ಟಿ ಯಾವ ಕಡೆಗಿಟ್ಟೆ?"

"ಮೈನಸ್ ಕಡೆಗೆ, ಮಾವ. ಎಲ್ಲ ಡಯೋಡ್‌ಗಳ ಹಾಗೆ ನೆಟ್ಟಗೆ."

"ಝೆನರನ್ನ ಉಲ್ಟಾ ಹಾಕ್ಬೇಕು ಕಣೋ! ಇಪ್ಪತ್ತು ವರ್ಷದಿಂದ ಈ ಮನೇಲಿ ಎಲ್ಲಾ ಉಲ್ಟಾನೇ ಮಾಡ್ದೆ. ಉಲ್ಟಾ ಮಾಡ್ಬೇಕಾಗಿದ್ದ ಒಂದೇ ಒಂದನ್ನ ನೆಟ್ಟಗೆ ಮಾಡಿದ್ಯಲ್ಲ!"

ನಕ್ಕರು. ತಿಂಗಳ ಮೇಲೆ ಮೊದಲ ನಗು. ಅದು ಕೆಮ್ಮಾಯಿತು. ಯಾರು ಗೆದ್ದರೆಂದು ಅವರು ಕೇಳಲೇ ಇಲ್ಲ.

ಗುರುವಾರ ಮಾವ ಹೋದರು. ನಮ್ಮಲ್ಲಿ ಸತ್ತವರು ಕಾಲು ಮುಂದಾಗಿ ಹೊಸ್ತಿಲು ದಾಟಬೇಕು. ಶವಪೆಟ್ಟಿಗೆಯ ಮುಂಭಾಗಕ್ಕೆ ನಾನೇ ಹೆಗಲು ಕೊಟ್ಟೆ. ಈ ಒಂದು ಕೆಲಸವಾದರೂ ತಪ್ಪದಿರಲೆಂದು ಹಲ್ಲುಕಚ್ಚಿ ಬಾಗಿಲವರೆಗೆ ಬಂದೆ.

ಹಿಂದಿನಿಂದ ನಿಯುರ್ಕಾ ಅಳುತ್ತಲೇ ಹೇಳಿದಳು: "ಓಸ್ಮಾನಿ, ತಿರುಗ್ಸು. ಅದು ಅಪ್ಪನ ತಲೆ."