ಕರಿ ಅಂಚಿನ ಲಗ್ನದ ಚೀಟಿ

ಯಾದಗಿರಿಯ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಸೈಕ್ಲೋಸ್ಟೈಲ್ ಯಂತ್ರಕ್ಕೂ ನಾನೇ ಒಡೆಯ. ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡಿ, ಉರುಳೆಗೆ ಸುತ್ತಿ, ಮಸಿ ಹಾಕಿ ಹಿಡಿಕೆ ತಿರುಗಿಸಿದರೆ ಪ್ರತಿಗಳು ಪಟಪಟನೆ ಬೀಳುತ್ತಿದ್ದವು. ಆಮೇಲೆ ಝೆರಾಕ್ಸ್ ಬಂತು. ಯಂತ್ರವನ್ನು ಹರಾಜಿಗೆ ಹಾಕಿದರು, ನನ್ನನ್ನು ಟಪಾಲು ವಿಭಾಗದ ಮೂಲೆಗೆ ಹಾಕಿದರು. ಯಂತ್ರವನ್ನು ನಾನೇ ಕೊಂಡು ಮನೆಗೆ ತಂದೆ. ನಿವೃತ್ತನಾದರೂ ಆ ಸಿಟ್ಟು ಇಳಿದಿಲ್ಲ.

ಮೊನ್ನೆ ಮಗಳು ಸುಧಾಳ ಮದುವೆಯ ಕಾರ್ಡು ಹಂಚಿಯಾದ ಮೇಲೆ ಕಲ್ಯಾಣ ಮಂಟಪ ಬದಲಾಯಿತು. ಸುರಪುರದ ಬೀಗರಿಗೂ ಅವರ ನೆಂಟರಿಗೂ ತಿಳಿಸಬೇಕಿತ್ತು.

"ಅಪ್ಪಾ, ಮೊಬೈಲ್‌ನಾಗ ಹಾಕಿಬಿಡ್ತೀನಿ," ಎಂದಳು ಸುಧಾ.

"ಬೀಗರಿಗೆ ಮೊಬೈಲ್‌ನಾಗ? ಮರ್ಯಾದಿ ಬ್ಯಾಡೇನು?"

"ಹಂಗಾದ್ರ ಝೆರಾಕ್ಸ್ ಮಾಡಿಸ್ರಿ."

ಝೆರಾಕ್ಸ್! ನನ್ನ ಮನೆಯಲ್ಲಿ, ನನ್ನೆದುರಿಗೆ! ಆ ಕ್ಷಣವೇ ಅಟ್ಟದಿಂದ ಯಂತ್ರ ಇಳಿಸಿದೆ.

ಹೆಂಡತಿ ಶಾಂತಾ ಬಂದು ನೋಡಿದಳು. "ಲಗ್ನದ ಚೀಟಿಗೆ ಕರಿ ಮಸಿ ಏನ್ರಿ?"

"ಸರ್ಕಾರನ ಕರಿ ಮಸಿ ಮ್ಯಾಲ ನಡದೈತಿ!"

ಹಳೆಯ ಮಸಿ ಅಂಟಾಗಿತ್ತು. ಸೀಮೆಎಣ್ಣೆ ಬೆರೆಸಿದೆ. ಅದು ನೀರಾಗಿ ಸೋರಿ ಪ್ರತಿ ಹಾಳೆಯ ನಾಲ್ಕೂ ಅಂಚಿಗೆ ಕಪ್ಪು ಪಟ್ಟಿ ಎಳೆಯಿತು. ಪುಕ್ಕಟೆ ಅಲಂಕಾರ ಎಂದುಕೊಂಡೆ! ಒಕ್ಕಣೆ ಕಚೇರಿಯದೇ: "ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ನಮ್ಮ ಪುತ್ರಿ ಸುಧಾಳ..." ಇಷ್ಟು ಚೆನ್ನಾಗಿ ಮೂಡಿತ್ತು. ಮುಂದಿನದರ ಮೇಲೆ ಮಸಿ ಹರಡಿತ್ತು. ಬೀಗರು ಜಾಣರು, ಓದಿಕೊಳ್ಳುತ್ತಾರೆ ಎಂದು ಕಟ್ಟನ್ನು ಸುರಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ.

ಕರಿ ಅಂಚಿನ ಚೀಟಿಯನ್ನು ನಮ್ಮಲ್ಲಿ ಯಾವುದಕ್ಕೆ ಹಂಚುತ್ತಾರೆಂದು ಎಲ್ಲರಿಗೂ ಗೊತ್ತು. ತಿಥಿಗೆ!

ಸಂಜೆ ಬೀಗರ ಫೋನು. ಬಿಕ್ಕಿ ಬಿಕ್ಕಿ ಅಳುತ್ತಿದ್ದರು. "ಹೆಂಗಾತ್ರಿ ಬೀಗ್ರ? ಮೊನ್ನಿ ಚೊಲೋನ ಇದ್ಳಲ್ರಿ ನಮ್ಮ ಸುಧಾ!"

ಸುಧಾ ಫೋನು ಕಸಿದುಕೊಂಡಳು. "ಮಾವಾರ, ನಾನ ಮಾತಾಡಾಕತ್ತೇನ್ರಿ. ಸತ್ತಿಲ್ರಿ!"

ಆಮೇಲೆ ಬೀಗರು ಆಡಿದ ಮಾತುಗಳನ್ನು ಕಡತದಲ್ಲಿ ದಾಖಲಿಸುವಂತಿಲ್ಲ. ಅಪಶಕುನವಾಯಿತು, ಸಂಬಂಧವೇ ಬೇಡ ಎಂದರು. ಸುಧಾ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳ ಮುಖ ನೋಡಿ ಫೋನು ನಾನೇ ತೆಗೆದುಕೊಂಡೆ. ಅಂಗಲಾಚಿ ಬೇಡಿಕೊಂಡೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: "ಲಗ್ನದ ಅಕ್ಕಿಕಾಳ ಬೀಳೂದ್ರೊಳಗ ಆ ಹಾಳ ಮಷೀನ್ ಮನಿ ಬಿಡಬೇಕ್ರಿ!"

ಹೊಸ ಮಂಟಪದ ವಿಷಯವನ್ನು ಸುಧಾ ಮೊಬೈಲಿನಲ್ಲೇ ಹಾಕಿದಳು. ಕ್ಷಣದಲ್ಲಿ ಎಲ್ಲರಿಗೂ ಮುಟ್ಟಿತು. ಮರ್ಯಾದೆ ಹೋಯಿತೆಂದು ಒಬ್ಬರೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮರುದಿನ ಗುಜರಿಯವನು ಯಂತ್ರವನ್ನು ತಳ್ಳುಗಾಡಿಗೆ ಹೇರಿದ. ಅದು ಓಣಿ ತಿರುಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

"ಗಾಡ್ಯಾಗ ಇನ್ನೂ ಜಾಗ ಇತ್ರಿ," ಎಂದಳು ಶಾಂತಾ. "ನಿಮ್ಮನ್ನೂ ತೋರಿಸಿದ್ನಿ. ಕಬ್ಬಿಣ ಇದ್ರಷ್ಟ ಒಯ್ತೀನಂದ."

ಹೀಗಾಗಿ ನಾನು ಮನೆಯಲ್ಲೇ ಉಳಿದೆ!