ಕಂಬಕ್ಕೆ ಕಟ್ಟಿದ ಗಂಡನ ವಾರಸುದಾರರು ಯಾರು?

ಗಂಡ: ಕೂಗೇ ಅಂದ್ರೆ! ಮೂರೇ ಮೂರು ಸಲ. ಎಲ್ಲರೂ ನಿನ್ನನ್ನೇ ನೋಡ್ತಿದಾರೆ.

ಹೆಂಡತಿ: ನನ್ನನ್ನಲ್ಲ ರೀ, ನಿಮ್ಮನ್ನ. ಹಗ್ಗ ಸುತ್ತಿಸ್ಕೊಂಡು ನಿಂತಿರೋದು ನೀವು.

ಗಂಡ: ಅದಕ್ಕೇ ಹೇಳ್ತಿರೋದು. ನೀನು ಕೂಗಿದ್ರೆ ಬಿಚ್ತಾರೆ.

ಹೆಂಡತಿ: ಕಟ್ಟಿ ಅಂತ ಕೈ ಎತ್ತಿದ್ದು ಯಾರು? ಕೈದಿ ಯಾರಾಗ್ತೀರಿ ಅಂತ ಅವರು ಕೇಳಿ ಮುಗಿಸೋ ಮುಂಚೆ ಎದ್ದು ನಿಂತಾಯ್ತು. ಮನೇಲಿ ಒಂದು ಬಲ್ಬ್ ಬದಲಾಯಿಸಿ ಅಂದ್ರೆ ಮಂಡಿನೋವು!

(ಗಂಡ ದರ್ಜಿ. ಹೆಂಡತಿ ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನ ಗುಮಾಸ್ತೆ. ಇಪ್ಪತ್ತಾರು ವರ್ಷದಿಂದ ಊರವರ ಕೊಡೆ, ಚೀಲ, ಹಲ್ಲುಸೆಟ್ಟುಗಳನ್ನು ಕಾಯ್ದುಕೊಂಡು, ಯಾರೂ ಕೇಳಿಕೊಂಡು ಬಾರದ್ದನ್ನು ಹರಾಜಿಗೆ ಹಾಕಿಕೊಂಡು ಬಂದಾಕೆ. ರಜೆ ಹಾಕಿ ಇಬ್ಬರೇ ಸಮುದ್ರ ನೋಡಲು ಬಂದಿದ್ದಾರೆ. ಈ ‘ಕಡಲ್ಗಳ್ಳರ ಹಡಗು’ ಹತ್ತಿದ್ದು ಗಂಡನ ಹಟಕ್ಕೆ. ಹಡಗು ಅನ್ನುವುದು ಬರೀ ಬಾಯಿಮಾತು. ದೊಡ್ಡ ದೋಣಿಗೆ ಕಪ್ಪು ಬಣ್ಣ ಬಳಿದು, ತಲೆಬುರುಡೆಯ ಬಾವುಟ ಹಾರಿಸಿ, ಒಂದು ಗಂಟೆ ಸುತ್ತಾಡಿಸುತ್ತಾರೆ. ಆಟ ಸರಳ. ಕಳ್ಳರು ಒಬ್ಬ ಪ್ರಯಾಣಿಕನನ್ನು ಹಾಯಿಕಂಬಕ್ಕೆ ಕಟ್ಟುತ್ತಾರೆ. ಮನೆಯವರು ‘ನಮಗೆ ಇವರು ಬೇಕು’ ಎಂದು ಮೂರು ಸಲ ಕೂಗಿದರೆ ಬಿಟ್ಟುಬಿಡುತ್ತಾರೆ. ಹಿಂದಿನ ಕೈದಿ, ಒಬ್ಬ ಅಜ್ಜ, ಮೊಮ್ಮಕ್ಕಳ ಕಿರುಚಾಟಕ್ಕೆ ಅರ್ಧ ನಿಮಿಷದಲ್ಲಿ ಬಿಡುಗಡೆಯಾಗಿದ್ದ. ನಮ್ಮ ದರ್ಜಿಯನ್ನು ಕಟ್ಟಿ ಹತ್ತು ನಿಮಿಷ ಕಳೆದಿದೆ. ನಿಜ ಹೇಳಬೇಕೆಂದರೆ ಅವನಿಗೆ ಬೇಕಾಗಿರುವುದು ಬಿಡುಗಡೆಯಲ್ಲ, ಆ ಒಂದು ಮಾತು. ಇಷ್ಟು ವರ್ಷದಲ್ಲಿ ಹೆಂಡತಿ ಉಪ್ಪು ಬೇಕು ಅಂದಿದ್ದಾಳೆ, ಗ್ಯಾಸ್ ಸಿಲಿಂಡರ್ ಬೇಕು ಅಂದಿದ್ದಾಳೆ. ನೀವು ಬೇಕು ಅಂದದ್ದು ಅವನ ಕಿವಿಗೆ ಬಿದ್ದಿಲ್ಲ.)

(ಕಪ್ತಾನ ಬರುತ್ತಾನೆ. ಒಂದು ಕಣ್ಣಿಗೆ ಕಪ್ಪು ಪಟ್ಟಿ. ಮೀಸೆ ಅಂಟಿಸಿದ್ದು, ಬಿಸಿಲಿಗೆ ಒಂದು ತುದಿ ಎದ್ದಿದೆ.)

ಕಪ್ತಾನ: ಹಾ ಹಾ ಹಾ! ಏಳು ಕಡಲಿನ ಒಡೆಯ ನಾನು! ಹೇಳು ಹೆಣ್ಣೇ, ಈ ಗಂಡಸು ನಿನಗೆ ಬೇಕೋ, ಬೇಡವೋ?

ಹೆಂಡತಿ: ಯಾರಿಗಪ್ಪಾ ಹೆಣ್ಣೇ ಅಂತಿರೋದು? ನಿನ್ನ ತಾಯಿ ವಯಸ್ಸು ನನಗೆ.

ಕಪ್ತಾನ: (ಮೀಸೆ ಒತ್ತಿಕೊಂಡು, ಮೆಲ್ಲಗೆ) ತಪ್ಪು ತಿಳ್ಕೋಬೇಡಿ ಅಮ್ಮಾ, ಡೈಲಾಗ್ ಹಾಗಿದೆ. (ಮತ್ತೆ ಅಬ್ಬರಿಸಿ) ಬೇಕೋ, ಬೇಡವೋ?

ಹೆಂಡತಿ: ಇವರನ್ನ ವಶಕ್ಕೆ ತಗೊಂಡ್ರಲ್ಲ, ರಸೀದಿ ಎಲ್ಲಿ?

ಕಪ್ತಾನ: ರಸೀದಿ?

ಹೆಂಡತಿ: ಎಷ್ಟು ಗಂಟೆಗೆ ಸಿಕ್ಕಿದ್ದು, ಎಲ್ಲಿ ಸಿಕ್ಕಿದ್ದು, ಯಾವ ಸ್ಥಿತೀಲಿ ಸಿಕ್ಕಿದ್ದು, ಏನೂ ಬರ್ಕೊಳ್ಳದೆ ಕಟ್ಟಿಹಾಕಿಬಿಟ್ರಾ?

ಕಪ್ತಾನ: ನಾವು ಕಳ್ಳರಮ್ಮಾ. ಕಳ್ಳರು ಎಲ್ಲಾದ್ರೂ ಬರ್ಕೋತಾರಾ?

ಹೆಂಡತಿ: ಅದಕ್ಕೇ ಹೀಗಾಗೋದು. ಈಗ ಯಾರೋ ಒಬ್ಬರು ಬಂದು, ಇವರು ನಮ್ಮವರು ಅಂತ ಮೂರು ಸಲ ಕೂಗಿದ್ರು ಅಂತಿಟ್ಕೊಳ್ಳಿ. ಕೊಟ್ಟುಬಿಡ್ತೀರಾ?

ಕಪ್ತಾನ: (ಯೋಚಿಸಿ) ಕೊಟ್ಟುಬಿಡ್ತೀವಿ.

ಹೆಂಡತಿ: ಕೂಗಿದೋರಿಗೆಲ್ಲ ಕೊಟ್ಟಿದ್ರೆ ನನ್ನ ಕೌಂಟರಲ್ಲಿ ಒಂದು ಕೊಡೆ ಉಳೀತಿರಲಿಲ್ಲ. ಗುರುತು ಕೇಳ್ಬೇಕು. ಅದೂ ಹೊರಗೆ ಕಾಣೋದಲ್ಲ. ಚೀಲ ಕೆಂಪಗಿತ್ತು ಅಂತ ದಾರೀಲಿ ಹೋಗೋರೂ ಹೇಳ್ತಾರೆ. ಒಳಗೇನಿತ್ತು ಅಂತ ವಾರಸುದಾರರು ಮಾತ್ರ ಹೇಳ್ತಾರೆ.

ಗಂಡ: ಕೇಳಿಸ್ಕೊಂಡ್ರಾ ಕಪ್ತಾನರೇ? ನಾನು ಚೀಲ ಅಂತೆ!

ಹೆಂಡತಿ: ಮಾತಿಗೆ ಹೇಳ್ದೆ ರೀ. ಎಲ್ಲದಕ್ಕೂ ಮೂಗಿನ ತುದೀಲೇ ಕೋಪ.

(ದೋಣಿಯಲ್ಲಿದ್ದವರು ನಗುತ್ತಾರೆ. ಗಂಡ ನಗುವುದಿಲ್ಲ. ಹಗ್ಗದೊಳಗಿಂದಲೇ ಕಪ್ತಾನನ ಕಡೆ ಬಾಗುತ್ತಾನೆ.)

ಗಂಡ: (ಪಿಸುದನಿಯಲ್ಲಿ) ನೀವು ಸರಿಯಾಗಿ ಹೆದರಿಸ್ತಾ ಇಲ್ಲ. ಹೀಗಾದ್ರೆ ಅವಳು ಸಂಜೆ ತನಕ ಕೂಗಲ್ಲ.

ಕಪ್ತಾನ: (ಕತ್ತಿ ಎತ್ತಿ, ಕತ್ತಿ ಪ್ಲಾಸ್ಟಿಕ್ಕಿನದು) ಕೂಗದಿದ್ದರೆ ಈ ಕೈದಿಯನ್ನು ನೀರಿಗೆ ನೂಕುತ್ತೇನೆ! ಮೊಸಳೆಗಳಿಗೆ ಆಹಾರ ಮಾಡುತ್ತೇನೆ!

ಹೆಂಡತಿ: ಸಮುದ್ರದಲ್ಲಿ ಯಾವ ಮೊಸಳೆ ಇಟ್ಟಿದೀಯಪ್ಪಾ?

ಕಪ್ತಾನ: ಸರಿ, ತಿಮಿಂಗಿಲ ಅಂತಿಟ್ಕೊಳ್ಳಿ.

ಹೆಂಡತಿ: ಅವರ ಲೈಫ್ ಜಾಕೆಟ್ ನೋಡು, ಕೆಳಗಿನ ಪಟ್ಟಿ ಹಾಕೇ ಇಲ್ಲ. ಮೊದಲು ಅದನ್ನ ಬಿಗಿ ಮಾಡು. ಇವರಿಗೆ ಈಜು ಬರಲ್ಲ.

ಗಂಡ: ನೋಡಿದ್ರಾ? ನೂಕೋದಕ್ಕೆ ಅವಳದ್ದೇನೂ ಅಡ್ಡಿ ಇಲ್ಲ, ಪಟ್ಟಿ ಒಂದು ಬಿಗಿ ಇರ್ಬೇಕು.

(ಪಕ್ಕದ ಸೀಟಿನಲ್ಲಿ ಒಬ್ಬಾಕೆ ಕೂತಿದ್ದಾಳೆ. ಕೈಯಲ್ಲಿ ಬೀಸಣಿಗೆ, ಮನಸ್ಸಿನಲ್ಲಿ ಕರುಣೆ.)

ಪಕ್ಕದ ಸೀಟಿನಾಕೆ: ಪಾಪ, ಎಷ್ಟು ಹೊತ್ತಿಂದ ಬಿಸಿಲಲ್ಲಿ ನಿಂತಿದಾರೆ. ನಿಮಗೆ ನಾಚಿಕೆ ಆದ್ರೆ ನಾನೇ ಕೂಗ್ತೀನಿ ಬಿಡಿ. ನಮಗೆ ಇವರು ಬೇಕು! ನಮಗೆ ಇವರು…

ಹೆಂಡತಿ: ನಿಮಗ್ಯಾಕ್ರೀ ಅವರು?

ಪಕ್ಕದ ಸೀಟಿನಾಕೆ: ಅಯ್ಯೋ, ಬಿಡಿಸೋಣ ಅಂತ ಅಷ್ಟೇ.

ಹೆಂಡತಿ: ಎರಡಾಯ್ತು. ಮೂರನೇದು ಕೂಗಿದ್ರೆ ನಾನು ಸುಮ್ನಿರಲ್ಲ.

(ಆಕೆ ಬೀಸಣಿಗೆ ಮುಖಕ್ಕೆ ಅಡ್ಡ ಹಿಡಿಯುತ್ತಾಳೆ. ಗಂಡನ ಮುಖ ಒಂದು ಕ್ಷಣ ಅರಳಿ, ಹೆಂಡತಿ ಮತ್ತೆ ಕಾಲು ಚಾಚಿ ಕೂತದ್ದನ್ನು ಕಂಡು ಬಾಡುತ್ತದೆ.)

ಗಂಡ: ಒಂದು ಮಾತು ಕೇಳ್ತೀನಿ, ನಿಜ ಹೇಳು. ಆ ಅಜ್ಜನಿಗೆ ಮೊಮ್ಮಕ್ಕಳು ಗಂಟಲು ಹರಿಯೋ ಹಾಗೆ ಕೂಗಿದ್ರು. ನಾನು ಅಷ್ಟೂ ಬೇಡವಾದೋನಾ?

ಹೆಂಡತಿ: ನಾಲ್ಕು ಜನರ ಮುಂದೆ ಇದೆಲ್ಲ ಏನ್ರೀ?

ಗಂಡ: ನಾಲ್ಕು ಜನರ ಮುಂದೆ ಆಗಲ್ಲ. ಮನೇಲಿ ನಾವಿಬ್ಬರೇ ಇದ್ದಾಗಲೂ ಆಗಲಿಲ್ಲ. ಮತ್ಯಾವಾಗ ಹೇಳ್ತೀಯ?

(ಯಾರೂ ನಗುವುದಿಲ್ಲ. ಎಂಜಿನ್ ಒಂದೇ ಗುಡುಗುಡು ಅನ್ನುತ್ತಿದೆ. ಹೆಂಡತಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನೇ ನೋಡುತ್ತಾಳೆ. ಆಟ ಕೆಟ್ಟಿತು ಅಂತ ಕಪ್ತಾನನಿಗೆ ಗೊತ್ತಾಗಿದೆ. ಮುಂದೆ ಫಿರಂಗಿ ಹಾರಿಸುವ ದೃಶ್ಯ ಬೇರೆ ಕಾದಿದೆ.)

ಕಪ್ತಾನ: ಕರ್ಕೊಂಡು ಹೋಗ್ರೋ ಇವನನ್ನ! ಕತ್ತಲ ಕೋಣೆಗೆ!

(ಇಬ್ಬರು ಕಳ್ಳರು ಹಗ್ಗ ಬಿಚ್ಚಿ, ಗಂಡನನ್ನು ಏಣಿಯಲ್ಲಿ ಕೆಳಗಿಳಿಸುತ್ತಾರೆ. ಅವನು ತಿರುಗಿಯೂ ನೋಡದೆ ಇಳಿಯುತ್ತಾನೆ. ಮರದ ಮುಚ್ಚಳ ಧಡ್ ಅಂತ ಮುಚ್ಚಿಕೊಳ್ಳುತ್ತದೆ. ಹೆಂಡತಿ ಎದ್ದು ನಿಂತುಬಿಟ್ಟಿದ್ದಾಳೆ. ತೊಡೆ ಮೇಲಿದ್ದ ನೀರಿನ ಬಾಟಲಿ ಉರುಳಿದ್ದು ಅವಳಿಗೆ ಗೊತ್ತೇ ಇಲ್ಲ.)

ಹೆಂಡತಿ: ಎಲ್ಲಿ?

ಕಪ್ತಾನ: ಯಾರಮ್ಮಾ?

ಹೆಂಡತಿ: ನಮ್ಮೋರು. ಈಗ ಇಲ್ಲೇ ಇದ್ರು. ಎಲ್ಲಿ?

(ಕಪ್ತಾನನಿಗೆ ಇಷ್ಟು ಹೊತ್ತಿನ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಒಂದು ಪೀಪಾಯಿಯ ಮೇಲೆ ಮೊಣಕೈ ಊರಿ ಕೌಂಟರಿನವನಂತೆ ನಿಲ್ಲುತ್ತಾನೆ.)

ಕಪ್ತಾನ: ಅಂಥವರು ಯಾರೂ ನಮ್ಮಲ್ಲಿಗೆ ಬಂದಿಲ್ವಲ್ಲ. ಗುರುತು ಹೇಳಿ, ನೋಡೋಣ. ಹೊರಗೆ ಕಾಣೋದು ಬೇಡ.

ಹೆಂಡತಿ: ಬರ್ಕೋ. ಎಡಗೈ ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಾಗಿದೆ.

ಕಪ್ತಾನ: ಅದು ಹೊರಗೆ ಕಾಣತ್ತಲ್ಲ?

ಹೆಂಡತಿ: ಕಾಣಲ್ಲ. ಕೈ ಹಿಡ್ಕೊಂಡೋರಿಗೆ ಮಾತ್ರ ಗೊತ್ತಾಗತ್ತೆ.

ಕಪ್ತಾನ: ಹೂಂ. ಮುಂದೆ?

ಹೆಂಡತಿ: ಗೊರಕೆ ಹೊಡೀತಾರೆ. ಎಬ್ಬಿಸಿದ್ರೆ, ಗೊರಕೆ ಹೊಡೆದಿದ್ದು ನೀನು ಅಂತಾರೆ.

ಕಪ್ತಾನ: ಅದು ಎಲ್ಲಾ ಗಂಡಂದಿರ ಗುರುತು, ನಡೆಯಲ್ಲ.

ಹೆಂಡತಿ: ಹೇಳಿದ ದಿನಕ್ಕೆ ಯಾರ ಬಟ್ಟೇನೂ ಹೊಲಿದು ಕೊಟ್ಟಿಲ್ಲ. ನನ್ನದನ್ನ ಮಾತ್ರ ನಾನು ಕೇಳೋ ಮುಂಚೆ ಹೊಲಿದಿಟ್ಟಿರ್ತಾರೆ. ಇನ್ನೂ ಒಳಗಿಂದು ಬೇಕಾ? ಪ್ಯಾಂಟಿನ ಎಡಗಡೆ ಒಂದು ಕಳ್ಳಜೇಬಿದೆ. ಅದರಲ್ಲಿ ವಾಂತಿ ಮಾತ್ರೆ ಇದೆ. ಅವರಿಗಲ್ಲ, ನನಗೆ. ದೋಣಿ ಹತ್ತಿದ್ರೆ ನನಗೇನೂ ಆಗಲ್ಲ, ಮಾತ್ರೆ ಗೀತ್ರೆ ಬೇಡ ಅಂತ ಬೆಳಗ್ಗೆ ರೇಗಾಡಿದ್ದೆ. ಅದಕ್ಕೇ ನನಗೆ ಗೊತ್ತಾಗದ ಹಾಗೆ ಇಟ್ಕೊಂಡು ಬಂದಿದಾರೆ.

ಕಪ್ತಾನ: ನಿಮಗೆ ಗೊತ್ತಾಗದ ಹಾಗೆ ಇಟ್ಕೊಂಡಿದ್ದು ನಿಮಗೆ ಹೇಗಮ್ಮಾ ಗೊತ್ತಾಯ್ತು?

ಹೆಂಡತಿ: ಅವರು ಸ್ನಾನಕ್ಕೆ ಹೋದಾಗ ತಡವಿ ನೋಡ್ದೆ. ಮಾತ್ರೆ ಇದೆ ಅಂತ ಗ್ಯಾರಂಟಿ ಆದ ಮೇಲೇ ನಾನು ದೋಣಿ ಹತ್ತಿದ್ದು.

(ಕಪ್ತಾನ ಮುಚ್ಚಳದ ಹತ್ತಿರ ಬಗ್ಗುತ್ತಾನೆ.)

ಕಪ್ತಾನ: ಕೈದೀ! ಎಡಗಡೆ ಕಳ್ಳಜೇಬಲ್ಲಿ ಮಾತ್ರೆ ಇದೆಯಾ?

(ಕೆಳಗೆ ಜೇಬು ತಡಕುವ ಸದ್ದು.)

ಗಂಡನ ದನಿ: ಇದೆ.

ಕಪ್ತಾನ: ಗುರುತು ಹೊಂದಿಕೆ ಆಗ್ತಿದೆ ಅಮ್ಮಾ. ಆದ್ರೆ ನಮ್ಮ ಆಫೀಸಿಗೂ ಒಂದು ಪದ್ಧತಿ ಅಂತ ಇದೆ.

(ಹೆಂಡತಿ ಸುತ್ತಲೂ ನೋಡುತ್ತಾಳೆ. ಬೀಸಣಿಗೆಯಾಕೆ ಕಾಯುತ್ತಿದ್ದಾಳೆ, ಅಜ್ಜ ಕಾಯುತ್ತಿದ್ದಾನೆ. ಹೆಂಡತಿ ಎರಡೂ ಕೈ ಬಾಯಿಗೆ ಅಡ್ಡವಿಟ್ಟು, ಮೈಕ್ ಕೆಟ್ಟ ದಿನ ಬಸ್ ನಿಲ್ದಾಣದಲ್ಲಿ ಕೂಗುವ ದನಿಯನ್ನು ಹೊರಗೆ ತೆಗೆಯುತ್ತಾಳೆ.)

ಹೆಂಡತಿ: ನನಗೆ ಇವರು ಬೇಕು! ನನಗೆ ಇವರು ಬೇಕು! ನನಗೆ ಇವರು ಬೇಕೂ!

(ಬಾವುಟದ ಕೋಲಿನ ಮೇಲೆ ಕೂತಿದ್ದ ಹಕ್ಕಿ ಎದ್ದು ಹಾರಿಹೋಯಿತು. ಕಪ್ತಾನನ ಮೀಸೆಯ ಇನ್ನೊಂದು ತುದಿಯೂ ಬಿಟ್ಟಿತು. ಮುಚ್ಚಳ ತೆರೆದು, ಗಂಡ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕೂರುತ್ತಾನೆ.)

ಹೆಂಡತಿ: ಕಣ್ಣು ಯಾಕೆ ಕೆಂಪಗಿದೆ?

ಗಂಡ: ಕೆಳಗೆ ಡೀಸೆಲ್ ಹೊಗೆ.

ಹೆಂಡತಿ: ಹೊಗೆ!

ಗಂಡ: ಅಲ್ವೇ, ಅಷ್ಟು ಹೊತ್ತು ಎಲ್ಲರೆದುರು ನನ್ನ ಮಾನ ಕಳೆದು ಈಗ ಕೂಗಿದ್ಯಲ್ಲ, ಮೊದಲೇ ಕೂಗೋಕೆ ಏನಾಗಿತ್ತು?

ಹೆಂಡತಿ: ಆಗ ಕಣ್ಣೆದುರಿಗೇ ಇದ್ರಲ್ಲ ರೀ. ಕಳೆದುಹೋಗದೆ ಇರೋ ಸಾಮಾನಿಗೆ ಯಾರಾದ್ರೂ ಅರ್ಜಿ ಹಾಕ್ತಾರಾ?

(ಗಂಡ ಕಳ್ಳಜೇಬಿನಿಂದ ಮಾತ್ರೆ ತೆಗೆದು ಕೊಟ್ಟ. ಆಕೆ ಜಗಳವಾಡದೆ ನುಂಗಿದಳು. ಅತ್ತ ಫಿರಂಗಿ ಢಮ್ ಅಂತು, ಮಕ್ಕಳು ಕಿರುಚಿದವು. ಆ ಗಲಾಟೆಯಲ್ಲಿ ಅವನು ಅವಳ ಕಿವಿಯ ಹತ್ತಿರ ಬಗ್ಗಿದ.)

ಗಂಡ: ಇನ್ನೊಂದೇ ಒಂದು ಸಲ ಹೇಳೇ. ಮೆಲ್ಲಗೆ. ನನಗೊಬ್ಬನಿಗೇ.

ಹೆಂಡತಿ: ಒಂದು ಸಾಮಾನಿಗೆ ಒಂದೇ ಅರ್ಜಿ ರೀ. ಎರಡನೇ ಸಲ ಕಳೆದುಹೋದ್ರೆ ಹರಾಜು!