ಭುಜಂಗನ ಕಾರಿಗೆ ಎರಡು ಮೈಲೇಜು

ಉಪ್ಪಳ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ಭುಜಂಗನ ಹೊಸ ಕಾರು ಲೀಟರಿಗೆ ಎಷ್ಟು ಓಡುತ್ತದೆ ಎಂಬುದು, ಕೇಳುವವರು ಯಾರು ಎಂಬುದರ ಮೇಲಿತ್ತು. ಉಗ್ಗಪ್ಪನ ಚಾದಂಗಡಿಯಲ್ಲಿ ಕೇಳಿದರೆ ಇಪ್ಪತ್ತಮೂರು. ಮನೆಯಲ್ಲಿ ಹೆಂಡತಿ ಈಶ್ವರಿ ಕೇಳಿದರೆ ಹನ್ನೊಂದು.

ಇಪ್ಪತ್ತಮೂರಕ್ಕೆ ಆಧಾರವಿತ್ತು. ಸ್ಟಿಯರಿಂಗಿನ ಹಿಂದಿನ ಪುಟ್ಟ ಪರದೆ ಅಷ್ಟೇ ತೋರಿಸುತ್ತಿತ್ತು. ಹನ್ನೊಂದಕ್ಕೆ ಕಾರಣ ಬೋವಿಕಾನದ ಅತ್ತೆ. ಆಕೆಗೆ ಮೊಣಕಾಲು ನೋವು, ತಿಂಗಳಿಗೊಮ್ಮೆ ಮಂಗಳೂರಿನ ಡಾಕ್ಟರಿಗೆ ತೋರಿಸಬೇಕು. ಕಾರಿನಲ್ಲಿ ಕೂತರೆ ಪ್ರತಿ ತಿರುವಿಗೂ "ಮೆಲ್ಲ, ಮೆಲ್ಲ" ಎಂದು ಹಿಂದಿನಿಂದ ಅಳಿಯನ ಭುಜ ಹಿಡಿಯುತ್ತಾಳೆ. ಒಮ್ಮೆ ಕರೆದುಕೊಂಡು ಹೋಗಿ ಬಂದ ಭುಜಂಗ ಮರುದಿನವೇ, "ಈ ಕಾರು ಪೆಟ್ರೋಲು ಕುಡಿಯುವುದಲ್ಲ ಮಾರಾಯ್ತಿ, ಮುಕ್ಕುವುದು! ಹನ್ನೊಂದರ ಮೇಲೆ ಕೊಡುವುದಿಲ್ಲ. ಅತ್ತೆಗೆ ಬಸ್ಸೇ ಲಾಯಕ್ಕು" ಎಂದುಬಿಟ್ಟಿದ್ದ. ಪಾಪ, ಈಶ್ವರಿ ನಂಬಿದ್ದಳು.

ಕುತ್ತು ತಂದವನು ಪಕ್ಕದ ಮನೆಯ ಮೊಯ್ದಿನಬ್ಬ. ಶಾರ್ಜಾದಲ್ಲಿ ಅರ್ಧ ಆಯುಸ್ಸು ಡ್ರೈವರಾಗಿದ್ದು ಬಂದವನು. ಒಂದು ಭಾನುವಾರ ಬೆಳಿಗ್ಗೆ ಉಗ್ಗಪ್ಪನಲ್ಲಿ ಚಾ ಕುಡಿಯುತ್ತ ಅವನೆಂದ:

"ಕಂಪೆನಿಯವನದ್ದೇ ಕಾರು, ಕಂಪೆನಿಯವನದ್ದೇ ಮೀಟರು. ಹೆತ್ತವರಿಗೆ ಹೆಗ್ಗಣ ಮುದ್ದು, ಮಾರಾಯ! ತಲಪಾಡಿಯಲ್ಲಿ ಫುಲ್ ಟ್ಯಾಂಕು ಹಾಕಿಸು, ನೂರು ಕಿಲೋಮೀಟರ್ ಓಡಿಸು, ಅದೇ ಪಂಪಿನಲ್ಲಿ ಪುನಃ ಫುಲ್ ಮಾಡು. ಆಗ ಬಣ್ಣ ಬಯಲಾಗ್ತದೆ."

ಕೇರಳದ ಗಡಿಯಾಚೆ, ಕರ್ನಾಟಕದಲ್ಲಿ, ಪೆಟ್ರೋಲಿಗೆ ಒಂದೆರಡು ರೂಪಾಯಿ ಕಮ್ಮಿ ಎಂದು ತಲಪಾಡಿಗೇ ಹೋಗಿ ಹಾಕಿಸುವುದು, ಅಲ್ಲಿಗೆ ಹೋಗಿಬರಲು ಸುಟ್ಟ ಪೆಟ್ರೋಲನ್ನು ಲೆಕ್ಕಕ್ಕೇ ಹಿಡಿಯದಿರುವುದು ಉಪ್ಪಳದವರ ಹಳೇ ಕ್ರಮ. ಪಂಥ ಆಯಿತು. ಸೋತವನು ಒಂದು ವರ್ಷ ಚಾದಂಗಡಿಯಲ್ಲಿ ಕಾರಿನ ಸುದ್ದಿ ಎತ್ತಬಾರದು. ಉಗ್ಗಪ್ಪನೇ ಸಾಕ್ಷಿ.

ಭುಜಂಗ ಕೀ ತರಲು ಮನೆಗೆ ಬಂದರೆ, ಈಶ್ವರಿ ಸೀರೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದಳು. ಮೊಯ್ದಿನಬ್ಬನ ಹೆಂಡತಿ ನಬೀಸುಮ್ಮ, ಗಂಡನ ಫೋನು ಬಂದದ್ದೇ, ಪಾಗಾರದ ಗೋಡೆಯ ಮೇಲಿಂದ ಸುದ್ದಿ ದಾಟಿಸಿಯಾಗಿತ್ತು.

"ಮೈಲೇಜು ನೋಡ್ಲಿಕ್ಕೆ ನೂರು ಕಿಲೋಮೀಟರ್ ಸುತ್ತುವುದಂತೆ. ಸುಮ್ಮನೆ ಎಂತಕ್ಕೆ ಸುತ್ತುವುದು? ಅಮ್ಮನ ಮನೆಗೆ ಹೋಗಿ ಬರುವ."

ಭುಜಂಗ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಪ್ಪತ್ತಮೂರು ಬಂದರೆ ಮನೆಯಲ್ಲಿ ಸುಳ್ಳುಗಾರ, ಹನ್ನೊಂದು ಬಂದರೆ ಪೇಟೆಯಲ್ಲಿ ಸುಳ್ಳುಗಾರ. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕಾರಿನೊಳಗಿದ್ದಳು.

ತಲಪಾಡಿಯ ಪಂಪಿನಲ್ಲಿ ಟ್ಯಾಂಕಿನೊಳಗೆ ಗಾಳಿ ಉಳಿಯಬಾರದೆಂದು ಮೊಯ್ದಿನಬ್ಬನೂ ಉಗ್ಗಪ್ಪನೂ ಕಾರನ್ನು ತೊಟ್ಟಿಲಿನಂತೆ ತೂಗಿ ತೂಗಿ, ಕಂಠಪೂರ್ತಿ ತುಂಬಿಸಿದರು. ಹೊರಡುವ ಮುಂಚೆ ಭುಜಂಗ ಗಂಭೀರವಾಗಿ ಒಂದು ಕಾನೂನು ಮಾಡಿದ.

"ಮುಗಿಯುವ ತನಕ ಯಾರೂ ನಂಬ್ರ ಬಾಯಿಬಿಡಬಾರದು. ದೃಷ್ಟಿ ತಾಗ್ತದೆ."

"ಇವರು ಎಷ್ಟು ಹೇಳಿದ್ದಾರೋ ಅಷ್ಟೇ ಬರ್ತದೆ, ನೋಡಿ ಮೊಯ್ದಿನಬ್ಬಣ್ಣ. ಸುಳ್ಳು ಹೇಳುವವರಲ್ಲ" ಎಂದಳು ಈಶ್ವರಿ. ಭುಜಂಗನಿಗೆ ಕೆಮ್ಮು ಬಂತು.

ಹೈವೇಯಲ್ಲಿ ಅವನ ಪಾಡು ಯಾರಿಗೂ ಬೇಡ. ಪೇಟೆಯ ಮರ್ಯಾದೆ ನೆನಪಾದಾಗ ಎಸಿ ಬಂದ್ ಮಾಡಿ ಮೆಲ್ಲಗೆ ಬಿಡುತ್ತಿದ್ದ. ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡಾಗ ಎಸಿ ಹಾಕಿ ಎಕ್ಸಿಲರೇಟರ್ ಒತ್ತುತ್ತಿದ್ದ. ಹಿಂದಿನ ಲಾರಿಯವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದರು.

"ಎಸಿ ಬೇಕೋ ಬೇಡವೋ, ಒಂದು ನಿಶ್ಚಯ ಮಾಡಿ ಮಾರಾಯ್ರೆ. ನನಗೆ ಶೀತ ಆಗ್ತದೆ" ಎಂದ ಉಗ್ಗಪ್ಪ, ಸೀನಿ.

ಕಾಸರಗೋಡು ದಾಟಿದ ಮೇಲೆ ಮುಂದಿನ ಸೀಟಿನಲ್ಲಿ ಮೊಯ್ದಿನಬ್ಬ ತೂಕಡಿಸತೊಡಗಿದ. ಉಗ್ಗಪ್ಪ ಫೋನಿನಲ್ಲಿ ಮುಳುಗಿದ್ದ. ಈಶ್ವರಿ ಹಿಂದಿನಿಂದ ಬಗ್ಗಿ ಕೇಳಿದಳು:

"ಅಲ್ಲಿ ಇಪ್ಪತ್ತಮೂರು ಅಂತ ಉಂಟಲ್ಲ, ಅದೆಂತ?"

"ಅದು... ಎಸಿಯ ತಂಪು."

"ಎಸಿ ಬಂದ್ ಉಂಟಲ್ಲ?"

ಭುಜಂಗ ತಟ್ಟನೆ ಎಸಿ ಹಾಕಿದ. ಉಗ್ಗಪ್ಪ ಮತ್ತೆ ಸೀನಿದ.

ಬೋವಿಕಾನದಲ್ಲಿ ಅತ್ತೆ ಡಿಕ್ಕಿಗೆ ಎರಡು ಹಲಸಿನಕಾಯಿ ಹಾಕಿಸಿ, "ನಾನೂ ಬರಲಾ? ನಾಳೆ ಡಾಕ್ಟರಲ್ಲಿಗೆ ಹೋಗ್ಲಿಕ್ಕೆ ಆಗ್ತಿತ್ತು" ಎಂದಳು.

"ಇವತ್ತು ಪರೀಕ್ಷೆ ಅತ್ತೆ. ಭಾರ ಜಾಸ್ತಿಯಾದರೆ ಲೆಕ್ಕ ತಪ್ತದೆ."

"ಕಾರು ಅಷ್ಟು ಕುಡೀತದೆ ಅಮ್ಮ. ಇವರಾದರೂ ಎಂತ ಮಾಡುವುದು?" ಎಂದು ಈಶ್ವರಿ ಗಂಡನ ಪರ ವಹಿಸಿದಳು. ಅತ್ತೆ ಮೊಣಕಾಲು ನೀವಿಕೊಂಡು ಜಗಲಿಯಲ್ಲಿ ಕೂತಳು. ಭುಜಂಗನಿಗೆ ಒಂದು ಕ್ಷಣ ನಾಚಿಕೆಯಾಯಿತು. ಆದರೆ ಒಂದೇ ಕ್ಷಣ.

ಮರಳಿ ತಲಪಾಡಿ. ಪುನಃ ಕಾರು ತೂಗುವ ಕಾರ್ಯಕ್ರಮ. ಜೋರಾಗಿ ತೂಗಿದರೆ ಹೆಚ್ಚು ಪೆಟ್ರೋಲು ಹಿಡಿದು ಪೇಟೆಯಲ್ಲಿ ಸೋಲು, ಮೆಲ್ಲಗೆ ತೂಗಿದರೆ ಮನೆಯಲ್ಲಿ ಸೋಲು. ಯಾವುದೂ ತೋಚದೆ ಭುಜಂಗ ದನದ ಮೈ ಸವರುವವನಂತೆ ಕಾರನ್ನು ಸವರುತ್ತ ನಿಂತ.

ಪಂಪು ಆರು ಲೀಟರಿಗೆ ನಿಂತಿತು. ಓಡಿದ್ದು ನೂರ ಎರಡು ಕಿಲೋಮೀಟರ್. ಮೊಯ್ದಿನಬ್ಬ ಮೊಬೈಲು ಒತ್ತಿದ.

"ಹದಿನೇಳು! ಇಪ್ಪತ್ತಮೂರು ಅಂದಿದ್ದೆಯಲ್ಲ ಭುಜಂಗಾ?"

"ಹದಿನೇಳಾ? ಹನ್ನೊಂದು ಅಂದಿದ್ದಿರಲ್ಲ ನೀವು?" ಎಂದಳು ಈಶ್ವರಿ.

ಮೊಯ್ದಿನಬ್ಬನೂ ಈಶ್ವರಿಯೂ ಮುಖ ಮುಖ ನೋಡಿಕೊಂಡರು.

"ಹನ್ನೊಂದಾ?"

"ಇಪ್ಪತ್ತಮೂರಾ?"

ಗಿರಾಕಿಗಳ ಬಿಲ್ಲು ಬಾಯಲ್ಲೇ ಕೂಡಿಸಿ ಅಭ್ಯಾಸವಿದ್ದ ಉಗ್ಗಪ್ಪ ಇಲ್ಲೂ ಕೂಡಿಸಿದ. "ಹನ್ನೊಂದೂ ಇಪ್ಪತ್ತಮೂರೂ ಮೂವತ್ತನಾಲ್ಕು. ಅದರ ಅರ್ಧ ಹದಿನೇಳು. ಎರಡು ಸುಳ್ಳು ಸೇರಿಸಿ ಪಾಲು ಮಾಡಿದರೆ ಸತ್ಯ ಸಿಗ್ತದೆ ಅಂತ ಇವತ್ತೇ ಗೊತ್ತಾದ್ದು!"

ಈಶ್ವರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಭುಜಂಗನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮುಂದಿನ ಸೀಟಿಗೆ ಬಂದು ಕೂತು, ಪರದೆಯನ್ನೇ ನೋಡಿದಳು.

"ಎಸಿಯ ತಂಪು" ಎಂದಳು. ಆಮೇಲೆ, "ಟ್ಯಾಂಕು ಹೇಗೂ ಫುಲ್ ಉಂಟು. ತಿರುಗಿಸಿ. ಅಮ್ಮನನ್ನು ಕರ್ಕೊಂಡು ಬರುವ. ಇನ್ನು ಪ್ರತಿ ತಿಂಗಳೂ."

"ಬಾ ಉಗ್ಗಪ್ಪಣ್ಣ, ನಾವು ಬಸ್ಸಿನಲ್ಲಿ ಹೋಗುವ" ಎಂದ ಮೊಯ್ದಿನಬ್ಬ. "ಭಾರ ಜಾಸ್ತಿಯಾದರೆ ಲೆಕ್ಕ ತಪ್ತದೆ."

ಸಂಜೆ ಬೋವಿಕಾನದಿಂದ ಮರಳುವಾಗ ಅತ್ತೆಯ ಕೈ ಅಳಿಯನ ಭುಜದ ಮೇಲಿತ್ತು. ಪ್ರತಿ ತಿರುವಿಗೂ "ಮೆಲ್ಲ, ಮೆಲ್ಲ." ಕಾರು ಮದುಮಗಳ ಹಾಗೆ ಮೆಲ್ಲಗೆ ನಡೆಯಿತು. ಉಪ್ಪಳ ಸಮೀಪಿಸುವಾಗ ಭುಜಂಗ ಪರದೆ ನೋಡಿದ. ಕಾರು ಕೊಂಡಂದಿನಿಂದ ಕಾಣದ ಅಂಕೆ: ಇಪ್ಪತ್ತಾರು!

ಅವನ ಕಾಲು ತಾನಾಗಿ ಬ್ರೇಕು ಒತ್ತಿತು. ಎದುರಿಗೇ ಉಗ್ಗಪ್ಪನ ಚಾದಂಗಡಿ, ಒಳಗೆ ದೀಪ, ಬೆಂಚಿನ ತುಂಬ ಜನ. ಆದರೆ ಒಂದು ವರ್ಷದ ತನಕ ಅಲ್ಲಿ ಕಾರಿನ ಸುದ್ದಿ ಎತ್ತುವ ಹಾಗಿರಲಿಲ್ಲ.